ಡೇರೆ ಹೂವಿನ ಚೀಟಿ

ಹಾಸನದ ಮಹಾರಾಜ ಪಾರ್ಕಿನಲ್ಲಿ ಮೂರು ದಿನ
ನನ್ನ ಕೆಲಸ ಚೀಟಿ ಬರೆಯುವುದು.
ಹೂವಿನ ಹೆಸರು, ಮೂಲಸ್ಥಳ, ತಂದವರು:
ಮೂರು ಗೆರೆ, ಒಂದು ಗುಂಡುಪಿನ್ನು.
ಗುಲಾಬಿಯವರು ಕಾರಿನಲ್ಲಿ ಬಂದರು,
ಕುಬ್ಜ ಆಲದವರು ಛತ್ರಿ ಹಿಡಿಸಿಕೊಂಡು ಬಂದರು.

ಪೆನ್ಷನ್ ಮೊಹಲ್ಲಾದ ಜುಲೇಖಾಬಿ ಬಂದದ್ದು
ಗಂಡನ ಶಾಮಿಯಾನದ ಟೆಂಪೋದಲ್ಲಿ,
ಕುರ್ಚಿಗಳ ಅಟ್ಟಿಗೊರಗಿ, ಪೇಂಟಿನ ಡಬ್ಬ ತಬ್ಬಿಕೊಂಡು.
ಡಬ್ಬದಲ್ಲಿ ಗಿಡ,
ಗಿಡದಲ್ಲಿ ತಟ್ಟೆಯಗಲದ ಒಂದೇ ಹೂವು,
ನೇರಳೆಹಣ್ಣು ತಿಂದ ನಾಲಗೆಯ ಬಣ್ಣ.

ಹೆಸರು?
'ಡೇರೆ.'
ನಾನು ಡೇಲಿಯಾ ಎಂದು ಬರೆದೆ.
ಅವಳಿಗೆ ಓದು ಬರುತ್ತದೆ ಅಂತ ನನಗೇನು ಗೊತ್ತು.
'ಡೇರೆ ಅಂದೆ ಸಾರ್.
ಈ ಡೇಲಿಯಾ ಯಾರು?'

ಡಾಲ್ ಅಂತ, ಸ್ವೀಡನ್ನಿನವನು, ಗಿಡಗಳ ಪಂಡಿತ.
ಸತ್ತಮೇಲೆ ಇನ್ಯಾರೋ ಅವನ ಹೆಸರಿಟ್ಟರು,
ಈ ಹೂವನ್ನು ಅವನು ಕಂಡಿದ್ದನೋ ಇಲ್ಲವೋ.
'ಪಾಪ' ಎಂದಳು. 'ಮಕ್ಕಳಿದ್ದವಾ?'
ಅದು ನಾನೋದಿದ ಪುಸ್ತಕದಲ್ಲಿರಲಿಲ್ಲ.

ಅದಕ್ಕೂ ಹಿಂದೆ, ಎಂದೆ, ಕ್ಯೂ ಗೊಣಗುತ್ತಿತ್ತು,
ಮೆಕ್ಸಿಕೋದ ಬೆಟ್ಟಗಳಲ್ಲಿತ್ತು.
ಅಲ್ಲಿಯವರು ಗೆಡ್ಡೆ ತಿನ್ನುತ್ತಿದ್ದರಂತೆ,
ದಂಟು ಟೊಳ್ಳೆಂದು ನೀರ್ಗೊಳವೆ ಎನ್ನುತ್ತಿದ್ದರಂತೆ.
'ಟೊಳ್ಳೇ ಮತ್ತೆ. ಅದಕ್ಕೇ ನೋಡಿ'
ಎಂದು ಗಿಡದ ಬೆನ್ನು ತಿರುಗಿಸಿದಳು:
ಯಾರದೋ ಮದುವೆಯ ಮಣ್ಣು ಮೆತ್ತಿದ ಗೂಟ,
ಝಾಲರಿಯ ಕೆಂಪು ಚಿಂದಿಯ ಗಂಟು.
'ಗೂಟ ಹೊಡೆದು ಬಿಗಿಯದೆ ನಿಲ್ಲಲ್ಲ,
ಮಳೆ ಮುಗಿದರೆ ಕಿತ್ತು ಅಟ್ಟಕ್ಕೆ ಹಾಕಬೇಕು,
ಬರುವ ವರ್ಷ ಇನ್ಯಾರದೋ ಅಂಗಳದಲ್ಲಿ ಎದ್ದಿರುತ್ತೆ.
ಡೇರೆ ಅಲ್ಲದೆ ಇನ್ನೇನು?'

ಮೂಲಸ್ಥಳ?
'ಸಕಲೇಶಪುರ. ನರ್ಸಮ್ಮ ಫ್ಲೇವಿಯಾ ಕೊಟ್ಟದ್ದು,
ನನ್ನ ಹೊಲಿಗೆ ಬಿಚ್ಚಿದ ದಿನ, ಬ್ರೆಡ್ಡಿನ ಕವರಿನಲ್ಲಿ.'
ಯಾವ ಹೊಲಿಗೆ ಎಂದು ನಾನು ಕೇಳಲಿಲ್ಲ.
ನರ್ಸಮ್ಮನಿಗೆ ಯಾರು ಕೊಟ್ಟರು ಎಂದು
ಅವಳೂ ಕೇಳಿರಲಿಲ್ಲ.

ಹೊಸ ಚೀಟಿ ಉಳಿದಿರಲಿಲ್ಲ.
ಡೇಲಿಯಾ ಹೊಡೆದು ಮೇಲೆ ಡೇರೆ ಬರೆದೆ,
ಗೀಟಿನ ಕೆಳಗಿನಿಂದ ಸ್ವೀಡನ್ನಿನವನು
ಮೂರು ದಿನವೂ ಇಣುಕುತ್ತಿದ್ದ.
ಮೂಲಸ್ಥಳ ಸಕಲೇಶಪುರ ನೋಡಿ ಜಡ್ಜುಗಳು ನಕ್ಕರು.
ಬಹುಮಾನ ಕುಬ್ಜ ಆಲಕ್ಕೆ ಹೋಯಿತು.

ಕಡೆಯ ಸಂಜೆ ಪಾರ್ಕಿನ ಶಾಮಿಯಾನ ಬಿಚ್ಚಿದರು.
ಅದೂ ಅವಳ ಗಂಡನದೇ.
ಟಾರ್ಚು ಹಿಡಿದು ಹುಲ್ಲಿನ ಮೇಲೆ ಕೂತು
ಎರಡು ಸಲ ಎಣಿಸಿದ, ಹುಡುಗರನ್ನು ಬೈದ:
ಒಂದು ಗೂಟ ಕಡಿಮೆ ಬರುತ್ತಿತ್ತು.
ಜುಲೇಖಾಬಿ ಡಬ್ಬ ಎತ್ತಿಕೊಂಡು
ಟೆಂಪೋದ ಮುಂದಿನ ಸೀಟಿಗೆ ಹತ್ತಿದಳು.