ಎರಡು ಎಬಿ

ಹೆಬ್ಡನ್ ಬ್ರಿಜ್, ಚಾಪೆಲ್ಲಿನ ಹಿಂದಿನ ಕೋಣೆ.
ಹೀಟರು ಆರಿಸಿ, ಅದರ ಟಿಕ್ಕು ಟಿಕ್ಕು ಮುಗಿಯುವವರೆಗೆ ಕಾದು
ಮೈಕು ನೆಟ್ಟೆ.
ಈನಿಡ್ ಸಟ್‌ಕ್ಲಿಫ್, ಹಿಲ್ಡಾ ಸಟ್‌ಕ್ಲಿಫ್.
ಒಬ್ಬಳಿಗೆ ಎಪ್ಪತ್ತೊಂಬತ್ತು, ಒಬ್ಬಳು ವಯಸ್ಸು ಹೇಳಲಿಲ್ಲ.
ಗೇಣುದ್ದದ ಮರದ ಕೊಳಲು ಎರಡು,
ತುಟಿ ತಗುಲುವಲ್ಲಿ ಬಣ್ಣ ಹೋದವು.

"ನಾವಿಬ್ಬರೇ ಅಂದುಕೋಬೇಡ," ಅಂದಳು ಈನಿಡ್,
"ಮೇಲೆ ಹೋದಾಗ ಮಾರ್ಜರಿ ಬರುತ್ತಾಳೆ, ಕೆಳಗಿನಿಂದ."
ತೀರಿಕೊಂಡ ತಂಗಿಯೇ, ದನಿ ತಗ್ಗಿಸಿ ಕೇಳಿದೆ.
"ಸಾಯೋದೇನು! ಲೀಡ್ಸಿನಲ್ಲಿದ್ದಾಳೆ.
ಮಾತು ಬಿಟ್ಟು ಹನ್ನೊಂದು ವರ್ಷ,
ಅಮ್ಮನ ಪಿಯಾನೋ ವಿಷಯಕ್ಕೆ."

ಊದಿದರು.
ಒಬ್ಬಳದು ಷಡ್ಜ, ಒಬ್ಬಳದು ಗಾಂಧಾರ,
ಕಿವಿ ಚುಚ್ಚುವಷ್ಟು ಮೇಲೆ.
ಹೌದು, ಎಲ್ಲೋ ತಳದಲ್ಲಿ,
ಹಂಡೆಯೊಳಗೆ ಜೇನ್ನೊಣ ಸಿಕ್ಕಿಕೊಂಡಂತೆ
ಮೂರನೆಯದೊಂದು ಗುಂಯ್ ಅಂದಿತು.

ರಾತ್ರಿ ಬಾಡಿಗೆ ಕೋಣೆಯಲ್ಲಿ ಜರಡಿ ಹಿಡಿದೆ.
ಸಾವಿರದ ಇನ್ನೂರಕ್ಕೆ ಒಂದು ಗೆರೆ,
ಸಾವಿರದ ಐನೂರಕ್ಕೆ ಒಂದು.
ಮುನ್ನೂರರ ಜಾಗ ಬೋಳು,
ಗುಡಿಸಿಟ್ಟ ಅಂಗಳ.
ಮೈಕಿಗೆ ಬರುವುದು ಕೂಡುವ ಲೆಕ್ಕ ಮಾತ್ರ,
ಬಡ್ಡಿಯಿಲ್ಲ, ಬೆರಕೆಯಿಲ್ಲ.

ಹೊಸದುರ್ಗದ ಎಂಟನೇ ಕ್ಲಾಸು.
ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಒಪ್ಪಿಸುತ್ತ
ನಡುವೆ ನಿಂತು ಕೇಳಿದ್ದೆ:
ಎ ಸ್ಕ್ವೇರ್ ಸರಿ, ಬಿ ಸ್ಕ್ವೇರ್ ಸರಿ,
ಈ ಎರಡು ಎಬಿ ಯಾರ ಮನೆಯದು ಸಾರ್?
ಪುಟ್ಟಸ್ವಾಮಯ್ಯ ಮೇಷ್ಟ್ರು ಡಸ್ಟರ್ ಎಸೆದಿದ್ದರು.

ಅಲೆಯನ್ನು ಅದರಿಂದಲೇ ಗುಣಿಸಿದೆ,
ಕಿವಿಯೊಳಗಿನ ಶಂಖ ಮಾಡುವ ಹಾಗೆ,
ಕೊಂಚ ಸೊಟ್ಟಗೆ.
ಮೇಲೆಲ್ಲೋ ಬೇರೆ ಗೆರೆಗಳೂ ಹುಟ್ಟಿದವು, ಅವು ಬೇಡ.
ಮುನ್ನೂರರಲ್ಲಿ ಎದ್ದಿತ್ತು
ಎಳೆ ಹುಲ್ಲಿನಂಥದು.
ಒಬ್ಬಳು ಉಸಿರೆಳೆದುಕೊಂಡ ಕಡೆಯೆಲ್ಲ
ಅದೂ ಇಲ್ಲ.

ಬೆಳಿಗ್ಗೆ ಹೇಳಿದೆ: ಅದು ಟೇಪಿನಲ್ಲಿ ಬರುವುದಿಲ್ಲ,
ಕೇಳುವವರ ಕಿವಿಯಲ್ಲಿ ಆಗುತ್ತದೆ.
ಈನಿಡ್ ಬಿಸ್ಕತ್ತು ಚಹಾಕ್ಕೆ ಅದ್ದಿ ಯೋಚಿಸಿದಳು,
ಅರ್ಧ ಮುರಿದು ಮುಳುಗಿತು.
"ಅವಳಿಗೆ ಕಳಿಸಿದರೂ ಕೇಳಿಸುತ್ತಾ?"
ಕೇಳಿಸುತ್ತೆ. ವಾಲ್ಯೂಮು ಜೋರಿಡಬೇಕು.
"ಅದು ತಾನೇ ಅಂತ ಗೊತ್ತಾಗುತ್ತಾ?"
ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಹಿಲ್ಡಾ
ಕವರು ಎಳೆದುಕೊಂಡು
ಲೀಡ್ಸಿನ ವಿಳಾಸ ಬರೆದಳು,
ಎಲ್ಲೂ ನೋಡಿಕೊಳ್ಳದೆ,
ಪೋಸ್ಟ್‌ಕೋಡ್ ಸಮೇತ.