ಮೂರೇ ಸೆಕೆಂಡು

ವಿರಾಜಪೇಟೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ
ನನ್ನ ಕೈಕೆಳಗಿದ್ದ ಸ್ಟೆರಿಲೈಸರಿಗೆ ಒಂದೇ ಕಿವಿ.
ತಿರುಪಿದರೆ ಕೆಂಪು ದೀಪ, ಕುದಿಯುವ ಸದ್ದು, ಮುಗೀತು.

ಈ ಒಗೆಯುವ ಮಷೀನಿಗೆ ಹದಿನಾರು ಮನಸ್ಸು.
ಹತ್ತಿಯಂತೆ, ಉಣ್ಣೆಯಂತೆ, ಮಗುವಿನದಂತೆ,
'ಮೂಡ್' ಅಂತಲೂ ಒಂದಿದೆ, ಯಾರದ್ದೋ ಏನೋ.
ಕೊಳೆ ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಹಿಂದಕ್ಕೆ ನೆರಿಗೆ ಹಿಡಿಯುವ ನನ್ನ ಸೀರೆ
ಗಾಜಿನಾಚೆ ಅರ್ಧ ಮುಳುಗಿ ನಿಂತಿದೆ.
ನಾಳೆ ಅಮ್ಮತ್ತಿಯಲ್ಲಿ
ದೇಚಮ್ಮನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುತ್ತಾರೆ;
ಅವನ ತಾಯಿಯನ್ನು ಹೊರಗೆಳೆದದ್ದು ಈ ಕೈಯೇ,
ಕಾಲು ಮುಂದಾಗಿ ಬಂದವಳನ್ನು.
ಈ ಬಾಗಿಲು ಬಗ್ಗುತ್ತಿಲ್ಲ.
ಬೀಗದ ಚಿತ್ರವೊಂದು ಮಿಟುಕುತ್ತದೆ,
ಕೀಲಿಕೈಯ ಚಿತ್ರವಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಹುಡುಗ ಏನೋ ಅಗಿಯುತ್ತಿದ್ದ:
"ಒತ್ತಿ ಹಿಡೀರಿ ಆಂಟಿ, ಮೂರೇ ಸೆಕೆಂಡು."
ನಾನೆಷ್ಟು ನಾಡಿ ಹಿಡಿದಿಲ್ಲ!
ವಾಚು ನೋಡುತ್ತ ಒತ್ತಿದೆ. ಒಂದು. ಎರಡು.
ಬೆರಳು ಒದ್ದೆ, ಅದಕ್ಕೆ ಗುರುತು ಹತ್ತಲಿಲ್ಲ.
ಸೆರಗಿಗೆ ಒರೆಸಿ ಮತ್ತೆ.

ತಾನೇ ಏನೋ ಸಾಧಿಸಿದ ಹಾಗೆ
ಸಣ್ಣ ರಾಗವೊಂದನ್ನು ಹಾಡಿತು.
ಬಾಗಿಲು? ಇಲ್ಲ.
ಮೊದಲಿಂದ ನೀರು ತುಂಬಿಕೊಳ್ಳತೊಡಗಿದೆ,
ಎರಡು ಗಂಟೆ ಹತ್ತು ನಿಮಿಷವಂತೆ.

ಕುರ್ಚಿ ಎಳೆದು ಎದುರಿಗೇ ಕೂತೆ.
ಕಾದು ಅಭ್ಯಾಸವಿದೆ.