ಎಂಬತ್ತು, ಅರವತ್ತಮೂರು

ಮೇಡಂ, ಇದು ಮೂರನೆಯ ಅರ್ಜಿ.
ಮೊದಲೆರಡನ್ನು ಕೋರ್ಟಿನೆದುರು ಟೈಪು ಮಾಡಿಸಿದ್ದೆ,
ಪುಟಕ್ಕೆ ಮೂವತ್ತು ರೂಪಾಯಿ, ‘ವಿನಮ್ರವಾಗಿ’ ಎಂಬ ಪದ ಪುಕ್ಕಟೆ.
ಇದನ್ನು ನಾನೇ ಬರೆಯುತ್ತಿದ್ದೇನೆ.
ಅಂಚಿನಲ್ಲಿರುವುದು ಗ್ರೀಸು. ಕ್ಷಮೆ ಇರಲಿ.

ಮಾಚೇನಹಳ್ಳಿಯಲ್ಲಿ ನನ್ನದೊಂದು ಲೇತು. ನನ್ನದಲ್ಲ,
ಧಣಿಯದು; ಸದ್ದು ಮಾತ್ರ ನನ್ನದು.
ಇಪ್ಪತ್ತೆರಡು ವರ್ಷ ಕಬ್ಬಿಣ ಸುಲಿದಿದ್ದೇನೆ.
ಕೂದಲೆಳೆಯನ್ನು ಏಳು ಸೀಳಿದರೆ
ಒಂದು ಸೀಳು ಎಷ್ಟು ದಪ್ಪವೆಂದು ಬೆರಳಿಗೆ ಗೊತ್ತು.
ಅದಕ್ಕೇ ಕೇಳುತ್ತೇನೆ:
ನನ್ನ ಮಗನನ್ನು ನೀವು ಯಾವುದರಲ್ಲಿ ಅಳೆದಿರಿ?

ಹೆಸರು ಮೌನೇಶ. ನಮ್ಮಪ್ಪನ ಹೆಸರು.
‘ಹೆಸರಿಗೆ ತಕ್ಕ ಹಾಗಿದಾನೆ’ ಅಂತ ನಿಮ್ಮ ಗುಮಾಸ್ತರು ನಕ್ಕರು.
ಅಪ್ಪ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವನು.
ಹೇಳಲಿಲ್ಲ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ, ಬರೆದಿದ್ದೀರಿ. ಹೌದು.
ಬೆಲ್ಲು ಹೊಡೆದರೆ ಮೇಜಿನಡಿ ಸೇರುತ್ತಾನೆ. ಹೌದು.
ಡಬ್ಬಿಯಲ್ಲಿ ದಿನವೂ ಅದೇ ಖಾಲಿ ದೋಸೆ. ಹೌದು.
ದೋಸೆಗೂ, ಶನಿವಾರ ಮಹಡಿಯ ಮೇಲೆ ನಡೆಯುವ
ಆ ಹನ್ನೆರಡು ಮಕ್ಕಳ ಗಣಿತಕ್ಕೂ ಏನು ಸಂಬಂಧವೋ.
ಒಲ್ಲದವರಿಗೆ ಮೊಸರಲ್ಲೂ ಕಲ್ಲು.

ಕೆಳಗಿನ ಕೋಣೆ ತೋರಿಸಿದಿರಿ. ಒಳ್ಳೆಯ ಕೋಣೆ.
ಮೆತ್ತನೆ ಚಾಪೆ, ಬಣ್ಣದ ಮಣಿ, ಫಿಲೋಮಿನಾ ಟೀಚರು.
ಪೋಣಿಸು ಅಂದರು. ಪೋಣಿಸಿದ:
ಎರಡು ಕೆಂಪು, ಒಂದು ಬಿಳಿ. ಮೂರು ಕೆಂಪು, ಒಂದು ಬಿಳಿ.
ಐದು. ಏಳು. ಹನ್ನೊಂದು.
ಹದಿಮೂರಕ್ಕೆ ಕೆಂಪು ಮುಗಿಯಿತು. ಅತ್ತ.
‘ಹಠ’ ಎಂದು ವರದಿಯಲ್ಲಿದೆ.
ಟೀಚರು ಗೇಟಿನವರೆಗೂ ಬಂದು
‘ಇವನು ನನ್ನ ಕೋಣೆಯವನಲ್ಲ, ಅಣ್ಣಾ’ ಅಂದರು, ಮೆಲ್ಲಗೆ.
ಅದು ವರದಿಯಲ್ಲಿಲ್ಲ.

ಲಗತ್ತಿಸಿದ ಚೀಟಿ ನೋಡಿ.
ಹೋದ ಆಷಾಢದಲ್ಲಿ ಹಳೆಯ ಇಂಚಿನ ಲೇತಿನ ಮೇಲೆ
ಮಿಲಿಮೀಟರಿನ ಥ್ರೆಡ್ಡು ಕೊರೆಯಬೇಕಿತ್ತು.
ಅದಕ್ಕೆ ನೂರಿಪ್ಪತ್ತೇಳು ಹಲ್ಲಿನ ಗೇರು ಬೇಕು.
ನಮ್ಮಲ್ಲಿರಲಿಲ್ಲ, ಭದ್ರಾವತಿಯಲ್ಲೂ ಸಿಗಲಿಲ್ಲ.
ರಾತ್ರಿ ಊಟಕ್ಕೆ ಕೂತು ಹೆಂಡತಿಯ ಹತ್ತಿರ ಗೊಣಗಿದೆ.
ಬೆಳಿಗ್ಗೆ ಬುತ್ತಿಯ ಮುಚ್ಚಳಕ್ಕೆ ಅಂಟಿಸಿತ್ತು:
೮೦, ೬೩.
ಕೆಳಗೆ ಇರುವೆಯಕ್ಷರದಲ್ಲಿ,
ತಪ್ಪು: ಹತ್ತು ಸಾವಿರಕ್ಕೆ ಒಂದೂಕಾಲು.

ಆ ಎರಡು ಗೇರು ಹುಡುಕಿ ಹಾಕಿದೆ.
ನಟ್ಟು ಬೆರಳಲ್ಲೇ ಕೊನೆಯವರೆಗೆ ಓಡಿತು.
ಯಾರನ್ನ ಕೇಳಿದೆಯೋ ಅಂದರು ಧಣಿ.
ಹತ್ತು ವರ್ಷದವನನ್ನು.
ಅವನಿಗೆ ಮಾತ್ರ ಸಮಾಧಾನವಿಲ್ಲ.
ಆ ಒಂದೂಕಾಲು ಎಲ್ಲಿ ಹೋಯಿತೆಂದು ವಾರವೆಲ್ಲ ಕೇಳಿದ.
ನಾನು ಭಿನ್ನರಾಶಿಗೆ ಹೆದರಿ ಶಾಲೆ ಬಿಟ್ಟವನು.
ಉತ್ತರ ನನ್ನ ಹತ್ತಿರ ಇಲ್ಲ, ಮೇಡಂ.
ನಿಮ್ಮ ಮಹಡಿಯ ಮೇಲೆ ಇರಬಹುದು.

ಬಾಗಿಲ ಪಕ್ಕದ ಕುರ್ಚಿ ಸಾಕು.
ಬೆಲ್ಲಿನ ಹೊತ್ತಿಗೆ ವರ್ಕ್‌ಶಾಪಿನ ಕಿವಿಮುಚ್ಚುಗ ಕೊಟ್ಟು ಕಳಿಸುತ್ತೇನೆ.
ನಮ್ಮಲ್ಲಿ ಅದನ್ನು ಹಾಕಿಕೊಂಡವರನ್ನು
ಯಾರೂ ದಡ್ಡ ಅನ್ನುವುದಿಲ್ಲ.

ಇವತ್ತು ‘ಸೋಮವಾರ ನೋಡೋಣ’ ಅಂದಿರಿ.
ಯಾವ ಸೋಮವಾರ ಅನ್ನಲಿಲ್ಲ.
ಮನೆಗೆ ಬರುವಾಗ ತುಂಗೆಯ ಸೇತುವೆಯ ಮೇಲೆ
ಬೈಕು ಒಂದೊಂದು ಸಂದು ದಾಟಿದಾಗಲೂ
ನನ್ನ ಬೆನ್ನಿಗೆ ಅವನದೊಂದು ಬೆರಳು.
ಎದುರಿಗೆ ಲಾರಿ, ಹಾರ್ನು. ಒಂದು ತಪ್ಪಿತು.
‘ಅಪ್ಪಾ, ಮತ್ತೆ’ ಅಂದ.
ವಿದ್ಯಾನಗರದ ಕಡೆ ಇಳಿದಾಗಿತ್ತು. ಕತ್ತಲು.
ಪೆಟ್ರೋಲು ರಿಸರ್ವಿಗೆ ಬಂದಿತ್ತು.

ತಿರುಗಿಸಿದೆ.
ಮೊದಲಿಂದ.